ಶೇಟಜಿಯ ನಾಲಿಗೆಯಾಗಿದ್ದ ಬೇಸಿಗೆ

ಖಾರದ ಪಾಕೀಟಿನ ಬಾಯಿ ಕತ್ತರಿಸಿದರೆ ಮನೆಯಲ್ಲಿ ಒಬ್ಬರಾದರೂ ಸೀನಬೇಕು. ಮೊನ್ನೆ ಬಾಜೂ ಮನೆಯ ಸವಿತಾ ನನ್ನ ಮುಂದೆ ಕುಳಿತು ಕತ್ತರಿಸಿದಳು. ಅವಳೂ ಸೀನಲಿಲ್ಲ, ನಾನೂ ಸೀನಲಿಲ್ಲ, ಹೊರಸಿನ ಮೇಲೆ ಮಲಗಿದ್ದ ಅವಳ ಕೂಸೂ ಸೀನಲಿಲ್ಲ.

ಪಾಕೀಟಿನ ಮೇಲೆ ಒಂದು ಚಿತ್ರ. ಹಸಿರು ಸೀರೆ ಉಟ್ಟು, ದೊಡ್ಡ ನತ್ತು ಇಟ್ಟುಕೊಂಡ ಹೆಂಗಸು ಒರಳಲ್ಲಿ ಖಾರ ಕುಟ್ಟುತ್ತ ನಗುತ್ತಿದ್ದಾಳೆ.

“ಅಜ್ಜಿ, ಈಕಿ ನೀನ ಅಂತಲ್ಲ? ಅಂಗಡ್ಯಾಗ ಹೇಳತಿದ್ರು,” ಅಂದಳು ಸವಿತಾ.

“ನಾ ಜನ್ಮದಾಗ ನತ್ತ ಇಟ್ಟಾಕಿ ಅಲ್ಲ. ಖಾರ ಕುಟ್ಟುವಾಗ ನಕ್ಕಾಕಿನೂ ಅಲ್ಲ. ಹಲ್ಲ ಕಿಸದ್ರ ಬಾಯಾಗ ಖಾರ ಹೊಕ್ಕತೈತಿ,” ಅಂದೆ.

ಪಾಕೀಟು ಇಸಿದುಕೊಂಡು ಮೂಗಿಗೆ ಹಿಡಿದೆ. ಏನೂ ಬರಲಿಲ್ಲ. ಮತ್ತೆ ಹಿಡಿದೆ. ಆಗಲೂ ಇಲ್ಲ. ತಪ್ಪು ಪಾಕೀಟಿನದೋ, ನನ್ನ ಮೂಗಿನದೋ? ಯಾಕೆಂದರೆ ನನ್ನ ಮೂಗು ಹಿಂದೊಮ್ಮೆ ನನಗೆ ಕೈಕೊಟ್ಟಿದೆ. ಆ ಬೇಸಿಗೆಯ ಸುದ್ದಿ ನಾನು ಯಾರಿಗೂ ಪೂರ್ತಿ ಹೇಳಿಲ್ಲ. ಈಗ ಬರೆಯುತ್ತೇನೆ. ಶಾಲೆಗೆ ಎರಡು ವರ್ಷ ಹೋದವಳು ನಾನು. ಅಕ್ಷರ ಗಟ್ಟಿಯಾದದ್ದು ಅಂಗಡಿಯ ಚೀಲಗಳ ಮೇಲಿನ ಹೆಸರು ಓದಿ. ಸಾವಕಾಶ ಬರೆದರೆ ಬರುತ್ತದೆ.

ಎಂಬತ್ತೇಳೋ ಎಂಬತ್ತೆಂಟೋ, ಇಸವಿ ಸರಿಯಾಗಿ ನೆನಪಿಲ್ಲ. ನನಗೆ ಮೂವತ್ತೈದರ ಹತ್ತಿರ. ಗಂಡ ಇಚಲಕರಂಜಿಗೆ ಮಗ್ಗದ ಕೆಲಸಕ್ಕೆಂದು ಹೋದವನು ಅಲ್ಲೇ ಇನ್ನೊಂದು ಮನೆ ಮಾಡಿಕೊಂಡಿದ್ದ. ನಾನು ಹಾರೂಗೇರಿಯಲ್ಲಿ ಅಣ್ಣನ ಮನೆಗೆ ಬಂದು ಬಿದ್ದಿದ್ದೆ. ಎರಡೇ ಖೋಲಿಯ ಮನೆ. ಆ ವರ್ಷ ಅಣ್ಣನ ಮಗನ ಲಗ್ನ ಗೊತ್ತಾಯಿತು. ಬರುವ ಸೊಸೆಗೆ ಒಂದು ಖೋಲಿ ಬೇಕಲ್ಲ. ವೈನಿ, ಅಂದರೆ ಅಣ್ಣನ ಹೆಂಡತಿ, ಸುತ್ತು ಬಳಸಿ ಮಾತಾಡುವ ಹೆಂಗಸಲ್ಲ.

“ಲಗಮವ್ವ, ಕಾರಹುಣ್ಣಿಮಿ ತನಕ ನಾ ಏನೂ ಅನ್ನೂದಿಲ್ಲ. ಅಷ್ಟ್ರಾಗ ನಿನ್ನ ದಾರಿ ನೀ ನೋಡ್ಕೊ,” ಅಂದಳು.

ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ಯುಗಾದಿಯ ತನಕ ಮಾತ್ರ ಹೇಳುತ್ತಿದ್ದೆ. ಆದರೆ ಅಂದಿನಿಂದ ನನಗೆ ಕುಂತಲ್ಲಿ ಕೂರಲು ಆಗಲಿಲ್ಲ. ಆ ಮನೆಯಲ್ಲಿ ಬೆನ್ನು ಗೋಡೆಗೆ ಆನಿಸಿದರೆ ಗೋಡೆಯೇ ದೂಡಿದಂತೆ ಆಗುತ್ತಿತ್ತು.

ಹಗಲು ನಾನು ಘೇವರಚಂದ ಶೇಟಜಿಯ ಕಿರಾಣಿ ಅಂಗಡಿಯಲ್ಲಿ ಕಾಳು ಹಸನು ಮಾಡುತ್ತಿದ್ದೆ. ಅಂಗಡಿ ನಡೆಸುವವರು ಅಣ್ಣ ತಮ್ಮ ಇಬ್ಬರು, ರಾಜಸ್ಥಾನದವರು, ಜೈನರು. ಮೊದಲು ನಿಪ್ಪಾಣಿಯಲ್ಲಿ ತಮ್ಮ ಕಡೆಯವರದೇ ಬಟ್ಟೆ ಅಂಗಡಿಯಲ್ಲಿ ಬಟ್ಟೆ ಬಿಚ್ಚಿ ಮಡಚುವ ಕೆಲಸ ಮಾಡಿದರಂತೆ. ಅಲ್ಲಿ ಮರಾಠಿ ಕಲಿತರು. ಹಾರೂಗೇರಿಗೆ ಬಂದು ಸ್ವಂತ ಅಂಗಡಿ ಹಾಕಿದ ಮೇಲೆ ಮರಾಠಿಯ ಮೇಲೆಯೇ ಕನ್ನಡ ಹೇರಿಕೊಂಡರು. ನನ್ನನ್ನು ‘ಲಗಮಾಬಾಯಿ’ ಅನ್ನುತ್ತಿದ್ದರು.

ದೊಡ್ಡವರು ಘೇವರಚಂದ ಶೇಟಜಿ. ಅವರದೊಂದು ಪದ್ಧತಿ ಇತ್ತು. ಯಾವ ಚೀಲ ಬರಲಿ, ಬಾಯಿ ಬಿಚ್ಚಿ ಒಂದು ಕಾಳು ಹಲ್ಲಿನ ನಡುವೆ ಇಟ್ಟು ಕಟಕ್ ಅನ್ನಿಸುವವರು. ಬೆಲ್ಲ ಬಂದರೆ ಚೂರು, ಜೀರಿಗೆ ಬಂದರೆ ಚಿಟಿಕೆ, ಉಪ್ಪು ಬಂದರೆ ಉಪ್ಪನ್ನೂ ನೆಕ್ಕಿ ನೋಡುವವರು. ನಾಲಿಗೆಗೆ ಮುಟ್ಟದ ಮಾಲು ತಕ್ಕಡಿಗೆ ಏರಬಾರದು ಎಂದು ಅವರ ಅಪ್ಪ ಹೇಳಿ ಕಳಿಸಿದ್ದನಂತೆ. “ಮೈಗೆ ಹಚ್ಚೂ ಸಬಕಾರ ಒಂದ ನೆಕ್ಕೂದ ಬಿಟ್ಟಾನ ನೋಡವ್ವ ಶೇಟಜಿ,” ಎಂದು ಸಂತೆಗೆ ಬಂದ ಹೆಂಗಸರು ನಗುತ್ತಿದ್ದರು. ನಗುತ್ತಲೇ ಅವರ ಅಂಗಡಿಗೇ ಬರುತ್ತಿದ್ದರು.

ತಮ್ಮ ಪಾರಸ ಇದಕ್ಕೆ ತೀರಾ ತಿರುವುಮುರುವು. ಅವನ ಅಂಡು ಗಾದಿಗೆ ತಾಗಿದ್ದನ್ನು ನಾನು ಕಂಡಿಲ್ಲ. ಲೂನಾ ಹತ್ತಿ ಮುಂಜಾನೆ ರಾಯಬಾಗ, ಮಧ್ಯಾಹ್ನ ಅಥಣಿ, ಸಂಜೆಗೆ ಮತ್ತೆ ಹಾರೂಗೇರಿ. ಊಟವನ್ನೂ ನಿಂತೇ ಮಾಡುವವನು. ಆ ವರ್ಷ ಅಥಣಿಯಲ್ಲಿ ಎರಡನೇ ಅಂಗಡಿಗೆ ಜಾಗ ಹಿಡಿದು ಬಂದ. ಅಕ್ಷಯ ತದಿಗೆಯ ದಿನ ಬಾಗಿಲು ತೆರೆಯುವುದು ಎಂದು ಅಣ್ಣತಮ್ಮ ನಿಕ್ಕಿ ಮಾಡಿದರು.

ಆದರೆ ಅಥಣಿಯಲ್ಲಿ ಅಜ್ಜನ ಕಾಲದಿಂದ ಕೂತ ಅಂಗಡಿಗಳಿವೆ. ಅವನ್ನು ಬಿಟ್ಟು ಹೊಸಬರಲ್ಲಿಗೆ ಜನ ಯಾಕೆ ಬರಬೇಕು? ಪಾರಸ ಅದಕ್ಕೆ ಒಂದು ಹಂಚಿಕೆ ಹಾಕಿದ. ನಮ್ಮ ಕಡೆ ಬೇಸಿಗೆಯಲ್ಲಿ ವರ್ಷದ ಮಸಾಲೆ ಖಾರ ಒಮ್ಮೆಲೇ ಮಾಡಿ ಇಡುತ್ತಾರೆ. ಸಂಕೇಶ್ವರದ ಮೆಣಸಿನಕಾಯಿ, ಬಣ್ಣಕ್ಕೆ ಬ್ಯಾಡಗಿ, ಒಣಕೊಬ್ಬರಿ, ಹವೀಜ ಅಂದರೆ ಕೊತ್ತಂಬರಿ ಕಾಳು, ಎಳ್ಳು, ಲವಂಗ. ಎಲ್ಲಕ್ಕಿಂತ ಮುಖ್ಯ, ಒಣಗಿಸಿ ಹುರಿದ ಉಳ್ಳಾಗಡ್ಡಿ ಮತ್ತು ಬೆಳ್ಳುಳ್ಳಿ. ಅದನ್ನು ಮಾಡಲು ವಾರ ಬೇಕು. ಮಾಸ್ತರಿಕೆ ಮಾಡುವ ಹೆಂಗಸರಿಗೆ, ವರ್ಗವಾಗಿ ಬಂದ ನೌಕರರ ಮನೆಯವರಿಗೆ ಎಲ್ಲಿ ಪುರಸೊತ್ತು? ನಾವೇ ಮಾಡಿ ಮಾರೋಣ ಎಂದ ಪಾರಸ. ನಮ್ಮ ಓಣಿಯಲ್ಲಿ ಯಾರ ಮನೆಯ ಖಾರಕ್ಕಾದರೂ ಅಳತೆ ಹಾಕಲು ನನ್ನನ್ನೇ ಕರೆಯುತ್ತಿದ್ದರು. ಅದು ಅವನಿಗೆ ಗೊತ್ತಿತ್ತು.

ತೊಡಕು ಒಂದೇ. ಅಣ್ಣತಮ್ಮ ಉಳ್ಳಾಗಡ್ಡಿ ಬೆಳ್ಳುಳ್ಳಿ ಬಾಯಿಗೆ ಇಡುವವರಲ್ಲ. ಅವರ ಅಂಗಡಿಯಲ್ಲಿ ಅವನ್ನು ಮಾರುತ್ತಲೂ ಇರಲಿಲ್ಲ.

ದೊಡ್ಡವರು ಒಂದು ದಿನ ಪೂರ್ತಿ ವಿಚಾರ ಮಾಡಿ, “ಲಗಮಾಬಾಯಿ, ಅವೆರಡೂ ಬಿಡು. ಬದ್ಲಿ ಇಂಗು ಹಾಕು. ನಮ್ಮ ಮನ್ಯಾಗ ಹಂಗ ಮಾಡತಾರು, ಭಾರಿ ಛಲೋ ಆಗತೈತಿ,” ಅಂದರು.

“ಶೇಟಜಿ, ಅದು ಖಾರ ಆಗೂದಿಲ್ರಿ.”

“ಯಾಕ ಆಗೂದಿಲ್ಲ? ಖಾರ ಇರತೈತಿ.”

“ಖಾರ ಇರತೈತ್ರಿ. ಖಾರ ಆಗೂದಿಲ್ಲ.”

ಅವರಿಗೆ ತಿಳಿಯಲಿಲ್ಲ. ಮಾಡು ಅಂದರು, ಮಾಡಿದೆ. ಅವರು ಚಿಟಿಕೆ ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ತಮ್ಮ ತಾಯಿಯ ಊರಿಗೇ ಹೋಗಿ ಬಂದವರಂತೆ ತಲೆಯಾಡಿಸಿದರು. ಸಂತೆಯ ದಿನ ಹಾರೂಗೇರಿಯಲ್ಲಿ ಮಾರಿದರು. ಮುಂದಿನ ಸಂತೆಗೆ ಖಾರ ಹೋದ ಹಾದಿಯಲ್ಲೇ ತಿರುಗಿ ಬಂತು.

“ಏನ್ರಿ ಶೇಟಜಿ, ಇದು ಖಾರನೋ ಏಕಾದಶಿ ಪುಡಿನೋ? ನಮ್ಮ ಮನಿಯಾಂವ ಒಂದ ತುತ್ತ ತಿಂದು, ‘ಯಾಕ, ಇವತ್ತ ಮಠದಿಂದ ಸಾರ ತಂದಿಯೇನು?’ ಅಂದ,” ಎಂದಳು ಒಬ್ಬಳು.

ಇನ್ನೊಬ್ಬಳು ನನ್ನ ಕಡೆ ತಿರುಗಿ, “ಲಗಮವ್ವ, ನೀ ಇದ್ದೂ ಹಿಂಗಾತಲ್ಲ ಬೇ,” ಅಂದಳು. ನನಗೆ ಅದೇ ಹೆಚ್ಚು ಚುಚ್ಚಿತು.

ಅಂದು ಪಾರಸ ಅಣ್ಣನ ಮುಂದೆ ಅಡ್ಡ ಬಂದು ನಿಂತ. ಅವರು ಮನೆಯಲ್ಲಿ ತಮ್ಮ ಭಾಷೆ ಆಡಿದರೂ ಅಂಗಡಿಯಲ್ಲಿ ಕನ್ನಡವೇ. ಅದೂ ದೊಡ್ಡವರದೇ ಕಟ್ಟಳೆ.

“ಭಾಯಿ, ನಾವು ಈ ಊರವ್ರಲ್ಲ, ಆ ಊರವ್ರೂ ಅಲ್ಲ. ಅಂಗಡ್ಯಾಗ ಊರವ್ರ ರುಚಿನರೆ ಇರಬೇಕೋ ಬ್ಯಾಡೋ?”

ದೊಡ್ಡವರು ತಕ್ಕಡಿಯ ಪರಡಿ ಒರೆಸಿಟ್ಟರು. ಆಮೇಲೆ ನನ್ನನ್ನು ಕರೆದರು.

“ಮಾರೂದು ಬ್ಯಾರೆ, ತಿನ್ನೂದು ಬ್ಯಾರೆ. ನಿಮ್ಮ ಖಾರ ನಿಮ್ಮಂಗ ಮಾಡು. ಆದ್ರ ನಾಲಗಿಗೆ ಮುಟ್ಟದ ಮಾಲು ನಾ ಮಾರೂದಿಲ್ಲ. ನನ್ನ ನಾಲಗಿ ನೀ ಆಗಬೇಕು. ನೀ ತಿಂದು ಛಲೋ ಅಂದ್ರ ಡಬ್ಬಿ ಬಿಚ್ಚೂದು, ಇಲ್ಲಂದ್ರ ಇಲ್ಲ.”

“ಆಗತೀನ್ರಿ,” ಅಂದೆ. “ನನಗೇನ ಕೊಡತೀರಿ?”

“ಏನ ಬೇಕು?”

“ಅಥಣಿ ಅಂಗಡಿ ಹಿಂದ ಒಂದ ಖೋಲಿ ಐತೆಂತ ಪಾರಸಜಿ ಹೇಳತಿದ್ರು. ಬಾಗಲಾ, ಕೀಲಿ ಇದ್ದದ್ದು.”

“ಖಾರ ನಡದ್ರ ಖೋಲಿ ನಿಂದು,” ಅಂದರು.

ಅಲ್ಲಿಂದ ನಾನು ನಿಂತದ್ದೇ ಇಲ್ಲ. ಅಂಗಡಿಯ ಹಿಂದೆ ತಗಡಿನ ಛಾವಣಿ. ಮೇಲೆ ಬಿಸಿಲು, ಕೆಳಗೆ ಒಲೆ, ನಡುವೆ ನಾನು. ಮೆಣಸಿನಕಾಯಿ ಹುರಿದರೆ ಇಡೀ ಓಣಿ ಕೆಮ್ಮುತ್ತಿತ್ತು, ಬಾಯಿಗೆ ಬಂದದ್ದು ಬೈಯುತ್ತಿತ್ತು. ಕುಟ್ಟುವ ಗಿರಣಿಗೆ ಹೊರುವುದು, ಜರಡಿ ಹಿಡಿಯುವುದು, ಮತ್ತೆ ಹುರಿಯುವುದು. ಮೊದಲ ಎರಡು ದೊಡ್ಡ ತಗಡಿನ ಡಬ್ಬಿ ಹಾರೂಗೇರಿಯಲ್ಲೇ ಹೋದವು. ಏಕಾದಶಿ ಪುಡಿ ಅಂದವಳೇ ಬಂದು, “ಈಗ ನೋಡ ಬೇ, ಇದು ಮಾತು,” ಅಂದಳು. ಪಾರಸ ಅಥಣಿಗೆ ಐದು ಡಬ್ಬಿ ಬೇಕು ಎಂದ. ನಾನು ಆಗಲೇ ಆ ಖೋಲಿಯಲ್ಲಿ ಒಲೆ ಯಾವ ಮೂಲೆಗೆ, ಹಾಸಿಗೆ ಯಾವ ಮೂಲೆಗೆ ಎಂದು ತಲೆಯಲ್ಲೇ ಜೋಡಿಸುತ್ತಿದ್ದೆ.

ಅಷ್ಟರಲ್ಲಿ ಒಂದು ಮುಂಜಾನೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ವೈನಿ ಹಿಂದಿನಿಂದ ಓಡಿ ಬಂದು ಹಂಚಿನ ಮೇಲಿನ ರೊಟ್ಟಿ ಕಿತ್ತೆಸೆದಳು.

“ರೊಟ್ಟಿ ಹೊತ್ತಿ ಹೊಗಿ ಎದ್ದೈತಿ! ಮೂಗಿಗೆ ಕೀಲಿ ಹಾಕ್ಕೊಂಡ ಕುಂತಿಯೇನು?”

ನಿಜವಾಗಿ ನನಗೆ ವಾಸನೆ ಬಂದಿರಲಿಲ್ಲ. ಬೆಳ್ಳುಳ್ಳಿ ಜಜ್ಜಿ ಮೂಗಿಗೆ ಹಿಡಿದೆ. ಇಲ್ಲ. ಬಾಯಿಗೆ ಹಾಕಿಕೊಂಡೆ. ಉರಿಯಿತು, ಅಷ್ಟೇ, ರುಚಿ ಇಲ್ಲ. ತಿಂಗಳಗಟ್ಟಲೆ ಮೆಣಸಿನಕಾಯಿಯ ಹೊಗೆ ಕುಡಿದು ಮೂಗು ನಾಲಿಗೆ ಎರಡೂ ಸತ್ತಿದ್ದವು. ಎರಡು ದಿನದಲ್ಲಿ ಸರಿಯಾದೀತು ಅಂದುಕೊಂಡೆ. ಎರಡು ದಿನ ನಾಲ್ಕಾಯಿತು, ನಾಲ್ಕು ಎಂಟಾಯಿತು. ಯಾರಿಗೂ ಹೇಳಲಿಲ್ಲ. ಹೇಳಿದರೆ ನಾಲಿಗೆ ಹೋಯಿತು, ನಾಲಿಗೆ ಹೋದರೆ ಖೋಲಿ ಹೋಯಿತು.

ಇದರ ಮೇಲೆ ಒಂದು ಮಧ್ಯಾಹ್ನ ಆಣೆಕಲ್ಲಿನ ಮಳೆ ಬಿತ್ತು. ಮಾಳಿಗೆಯ ಮೇಲೆ ಹೆಚ್ಚಿ ಹರವಿದ್ದ ಉಳ್ಳಾಗಡ್ಡಿ ಎಲ್ಲ ತೊಯ್ದು ಹೋಯಿತು. ಕಟ್ಟಿಕೊಂಡು ಒಳಗೆ ತಂದು, ಮರುದಿನ ಮತ್ತೆ ಹರವಿದೆ. ಎರಡು ದಿನಕ್ಕೆ ಕೈಗೆ ಗರಿಗರಿ ಹತ್ತಿತು. ಕೈ ಒಣಗಿದೆ ಅಂದಿತು. ಮೂಗು ಇದ್ದಿದ್ದರೆ ಬೇರೆ ಹೇಳುತ್ತಿತ್ತು. ಅಕ್ಷಯ ತದಿಗೆಗೆ ಐದೇ ದಿನ ಇತ್ತು. ಹುರಿದೆ, ಕುಟ್ಟಿಸಿದೆ, ತುಂಬಿದೆ.

ದೊಡ್ಡವರು ಡಬ್ಬಿಯ ಮುಂದೆ ಕೂತು ಕೇಳಿದರು, “ಲಗಮಾಬಾಯಿ, ತಿಂದಿ?”

“ತಿಂದ್ನಿರಿ.”

“ಛಲೋ ಐತಿ?”

“ಛಲೋ ಐತ್ರಿ.”

ಇಷ್ಟೇ. ಸುಳ್ಳು ಹೇಳಲು ಬಹಳ ಮಾತು ಬೇಕಾಗುವುದಿಲ್ಲ.

ಅಥಣಿಯ ಬಾಗಿಲು ತೆರೆದ ದಿನ ಜಾತ್ರೆಯಂತೆ ಜನ. ಆ ದಿನ ಕಬ್ಬಿನ ಹಾಲು ಕುಡಿಸುವುದು ಜೈನರಲ್ಲಿ ದೊಡ್ಡ ಪುಣ್ಯವಂತೆ. ಬಂದವರಿಗೆಲ್ಲ ಒಂದೊಂದು ಲೋಟ ಕೊಟ್ಟರು. ನನ್ನನ್ನು ಬಾಗಿಲಲ್ಲಿ ಚಾಪೆ ಹಾಕಿ ಕೂರಿಸಿದರು. ಎಲ್ಲರಿಗೂ ಕಾಣುವಂತೆ ಖಾರಕ್ಕೆ ಎಣ್ಣೆ ಹಾಕಿ ಕಲಸಿ ರೊಟ್ಟಿಯೊಡನೆ ತಿಂದೆ. ಬೂದಿ ತಿಂದಂತೆ ಆಗುತ್ತಿತ್ತು. “ಬರ್ರಿ ಅವ್ವಾರ, ನೋಡ್ರಿ,” ಎಂದು ಕರೆದು ಅವರ ಕೈಗೂ ಒಂದೊಂದು ತುಣುಕು ಕೊಟ್ಟೆ. ಕಬ್ಬಿನ ಹಾಲು ಕುಡಿದ ಬಾಯಿಗಳು. ಯಾರಿಗೂ ಏನೂ ತಿಳಿಯಲಿಲ್ಲ. ಸಂಜೆಯೊಳಗೆ ಮೂರು ಡಬ್ಬಿ ಖಾಲಿ. ಪಾರಸ ಲೂನಾ ಮೇಲೆ ಕೂತೇ ಕುಣಿದ. ನಾನು ಎದ್ದು ಹೋಗಿ ಹಿಂದಿನ ಖೋಲಿ ನೋಡಿ ಬಂದೆ. ಸಣ್ಣ ಕಿಟಕಿ ಇತ್ತು.

ಮೂರನೇ ದಿನಕ್ಕೆ ಹೆಂಗಸರು ಬಂದರು. ಮೊದಲು ಇಬ್ಬರು, ಆಮೇಲೆ ಹತ್ತು. ಖಾರ ಮುಗ್ಗಿತ್ತು. ಪಲ್ಯೆಗೆ ಹಾಕಿದರೆ ಮಳೆಯಲ್ಲಿ ತೊಯ್ದ ಗೋಣಿಚೀಲದ ವಾಸನೆ ಬರುತ್ತಿತ್ತಂತೆ. ಒಬ್ಬ ಮುದುಕಿ ನನ್ನ ಗಲ್ಲ ಹಿಡಿದು ಮುಖ ಮೇಲೆತ್ತಿ ನೋಡಿದಳು.

“ಆವತ್ತ ಬಾಗಲಾಗ ಕುಂತ ತಿಂದಾಕಿ ನೀನ ಅಲ್ಲೇನು? ನಾಲಗಿ ಎಲ್ಲಿ ಮಾಡಿಸಿದಿ ಬೇ, ಚಪ್ಪಲಿ ಹೊಲಿಯೋ ಅಂಗಡ್ಯಾಗ?”

ಎಲ್ಲರೂ ನಕ್ಕರು. ನಗುವ ಮಾತೇ ಅದು.

ದೊಡ್ಡವರು ಒಂದು ಮಾತೂ ಕೇಳದೆ ತಂದವರದೆಲ್ಲ ಇಸಿದುಕೊಂಡು ದುಡ್ಡು ತಿರುಗಿಸಿದರು. ಜನ ಹೋದ ಮೇಲೆ ಅಂಗಡಿಯ ಒಳಗೆ ಹೋಗಿ, ಎರಡು ಮುಷ್ಟಿ ಕಟ್ಟಿಕೊಂಡು ಬಂದರು.

“ಕಣ್ಣ ಮುಚ್ಚು. ಯಾವ ಕೈಯಾಗ ಐತಿ ಹೇಳು.”

ಎರಡೂ ಮುಷ್ಟಿ ನನ್ನ ಮೂಗಿನ ಕೆಳಗೆ ಬಂದವು. ನಾನು ಉಸಿರು ಎಳೆದೆ. ಗಾಳಿ ಬಂತು, ಗಾಳಿ ಹೋಯಿತು.

“ಎಡಗೈಯಾಗ,” ಅಂದೆ, ಸುಮ್ಮನೆ.

ಕಣ್ಣು ತೆರೆದು ನೋಡಿದರೆ ಎಡಗೈ ಖಾಲಿ. ಬಲಗೈಯಲ್ಲಿ ಅಡಿಕೆಯಷ್ಟು ದೊಡ್ಡ ಇಂಗಿನ ಗಟ್ಟಿ.

“ಇಂಗು ಐತಿ ಲಗಮಾಬಾಯಿ. ಇದು ಹೆಣಕ್ಕೂ ಗೊತ್ತಾಗತೈತಿ.” ಅವರ ದನಿ ಏರಲಿಲ್ಲ. “ಎಷ್ಟ ದಿವಸ ಆತು?”

“ಹದಿನೈದ ಇಪ್ಪತ್ತ ದಿವಸ ಆತ್ರಿ.”

“ಯಾಕ ಹೇಳಲಿಲ್ಲ?”

“ಖೋಲಿ ಬೇಕಾಗಿತ್ರಿ.”

ಅವರು ಇಂಗನ್ನು ಡಬ್ಬಿಗೆ ಹಾಕಿ ಮುಚ್ಚಿದರು. ಪಾರಸ, “ಆತ ಬಿಡ ಭಾಯಿ, ವಾರದಾಗ ಬ್ಯಾರೆ ಮಾಡಸತೀನಿ, ಬ್ಯಾರೆ ಮಂದಿನ ಹಚ್ಚತೀನಿ,” ಎಂದು ಒಳಗೂ ಹೊರಗೂ ಓಡಾಡತೊಡಗಿದ. ದೊಡ್ಡವರು ಈ ವರ್ಷ ಖಾರ ಇಲ್ಲ ಅಂದುಬಿಟ್ಟರು. ಉಳಿದದ್ದನ್ನೂ ತಿರುಗಿ ಬಂದದ್ದನ್ನೂ ಊರ ಹೊರಗೆ ತಗ್ಗು ತೋಡಿ ಸುರಿಸಿದರು. ಮಣ್ಣು ಎಳೆಯುವಾಗ ಅಲ್ಲಿ ಬಂದ ನಾಯಿ ಸೀನಿತು. ನಾನು ಸೀನಲಿಲ್ಲ. ಆಮೇಲೆ ದೊಡ್ಡವರು ಎರಡು ದಿನ ಉಪವಾಸ ಕೂತರು. ನನ್ನ ತಪ್ಪಿಗಲ್ಲ, ಇನ್ನೊಬ್ಬರ ನಾಲಿಗೆ ನಂಬಿ ಮಾಲು ಮಾರಿದ ತಮ್ಮ ತಪ್ಪಿಗೆ. ಅದು ನನಗೆ ಬೈಗುಳಕ್ಕಿಂತ ಹೆಚ್ಚಾಯಿತು. ಬೈದಿದ್ದರೆ ತಿರುಗಿ ನಾಲ್ಕು ಮಾತು ನಾನೂ ಅನ್ನುತ್ತಿದ್ದೆ.

ಹಾರೂಗೇರಿಗೆ ಬಂದು ಮನೆಯಲ್ಲಿ ದಿನ ಎಣಿಸಿದೆ. ಕಾರಹುಣ್ಣಿಮೆಯ ಹಿಂದಿನ ದಿನ ನನ್ನ ಟ್ರಂಕು ಹೊಸ್ತಿಲ ಹತ್ತಿರ ಬಂದು ಕೂತಿತ್ತು. ವೈನಿ ಅದನ್ನು ಒರೆಸಿ ಇಟ್ಟಿದ್ದಳು. ಕಟ್ಟಿದ ರೊಟ್ಟಿಯ ಗಂಟೂ ಮೇಲಿತ್ತು. ಅಣ್ಣ ಹೊಲಕ್ಕೆ ಹೋಗಿದ್ದ, ಬೇಕೆಂದೇ ಹೋಗಿದ್ದ.

ಟ್ರಂಕು ತಲೆಯ ಮೇಲೆ ಹೊತ್ತು ಅಥಣಿಯ ಬಸ್ಸು ಹತ್ತಿದೆ. ಇಳಿದು ನೇರ ಅಂಗಡಿಗೆ ಹೋಗಿ ಕಟ್ಟೆಯ ಮೇಲೆ ಇಳಿಸಿದೆ. ಹೊಸ ಅಂಗಡಿ ನಿಲ್ಲುವ ತನಕ ದೊಡ್ಡವರೇ ಅಲ್ಲಿಯ ಗಾದಿಯ ಮೇಲಿದ್ದರು.

“ಖೋಲಿ ಖಾರಕ್ಕ ಇತ್ತು ಲಗಮಾಬಾಯಿ. ಖಾರ ಇಲ್ಲ.”

“ಖಾರ ಇಲ್ಲ, ಖರೆ ಐತ್ರಿ. ಜ್ವಾಳದ ಚೀಲ ಹಸನ ಮಾಡಾಕ ಇಲ್ಲಿ ಯಾರದಾರ?”

ಉತ್ತರಕ್ಕೆ ನಾನು ಕಾಯಲಿಲ್ಲ. ಒಳಗೆ ಹೋಗಿ ಮೊರ ಹುಡುಕಿ ತಂದು ಕೂತೆ. ಕಲ್ಲು ಆರಿಸಲು ಮೂಗು ಬೇಕಿಲ್ಲ, ಕಣ್ಣು ಸಾಕು. ಸಂಜೆಯೊಳಗೆ ಎರಡು ಚೀಲ ಮುಗಿಸಿದೆ. ಅಂಗಡಿ ಮುಚ್ಚುವಾಗ ದೊಡ್ಡವರು ಎಲ್ಲ ಬಾಗಿಲಿಗೂ ಕೀಲಿ ಜಡಿದರು. ಹಿಂದಿನ ಖೋಲಿಗೆ ಜಡಿಯಲಿಲ್ಲ. ಕೀಲಿಕೈ ಕೊಡಲೂ ಇಲ್ಲ. ಹಾಗೇ ಹೋದರು. ಬಾಗಿಲಿಗೆ ಟ್ರಂಕು ಅಡ್ಡ ಇಟ್ಟು ಮಲಗಿದೆ.

ಹೀಗೇ ಹತ್ತು ಹನ್ನೆರಡು ದಿನ. ಇರು ಅನ್ನುವವರಿಲ್ಲ, ಹೋಗು ಅನ್ನುವವರೂ ಇಲ್ಲ. ದಿನಾ ಮುಂಜಾನೆ ಎದ್ದ ಕೂಡಲೇ ಟ್ರಂಕು ಕಟ್ಟಿ ಇಡುತ್ತಿದ್ದೆ. ಮಳೆ ಹಿಡಿಯಿತು. ಒಂದು ಮುಂಜಾನೆ ಜೋಳದ ಚೀಲ ಸರಿಸುತ್ತಿದ್ದಾಗ ಗಪ್ಪನೆ ಮೂಗಿಗೆ ವಾಸನೆ ಬಡಿಯಿತು. ಮಳೆ ಬಿದ್ದ ಮಣ್ಣಿನದಲ್ಲ, ಇಲಿಯದು. ಚೀಲದ ಹಿಂದೆ ಎಲ್ಲೋ ಸತ್ತಿತ್ತು. ಅಷ್ಟು ಹೊಲಸು ವಾಸನೆಯನ್ನು ನಾನು ಅಷ್ಟು ಹೊತ್ತು ಎಳೆದುಕೊಂಡದ್ದು ಅದೇ ಮೊದಲು, ಅದೇ ಕಡೆ. ಹೊರಗೆ ಓಡಿ ಬಂದೆ.

“ಶೇಟಜಿ, ಗೋದಾಮಿನ್ಯಾಗ ಇಲಿ ಸತ್ತೈತ್ರಿ!”

“ನಿನ್ನೆ ಸತ್ತೈತಿ,” ಅಂದರು ದೊಡ್ಡವರು.

“ಗೊತ್ತಿದ್ರ ತಗಸಲಿಲ್ಲ ಯಾಕ್ರಿ?”

“ನೀ ಬಂದು ಹೇಳತಿಯೇನು ಅಂತ ನೋಡಾಕತ್ತಿದ್ನಿ.”

ಆಮೇಲೆ ಗಾದಿಯ ಕೆಳಗೆ ಕೈ ಹಾಕಿ ಕೀಲಿಕೈ ತೆಗೆದು ಕೊಟ್ಟರು. ಇಲಿ ಎಸೆದು ಬಂದು, ಟ್ರಂಕು ಬಿಚ್ಚಿದೆ.

ಮರುವರ್ಷ ಖಾರ ಮತ್ತೆ ಸುರುವಾಯಿತು. ರಾಯಬಾಗ, ಚಿಕ್ಕೋಡಿ, ಕಾಗವಾಡ ಎಂದು ಪಾರಸ ಒಂದರ ಮೇಲೊಂದು ಅಂಗಡಿ ತೆರೆಯುತ್ತ ಹೋದ. ಜನ ಕಿರಾಣಿಗಿಂತ ಮೊದಲು ಖಾರ ಕೇಳಿ ಬರುತ್ತಿದ್ದರು. ಹುರಿಯುವವರು ಬೇರೆಯಾದರು, ನಾನು ತಿನ್ನುವುದು ಮಾತ್ರ. ಆದರೆ ಪ್ರತಿ ಸಲ, ಹೊಸ ಡಬ್ಬಿ ಬಿಚ್ಚುವ ಮೊದಲು, ದೊಡ್ಡವರು ಎರಡು ಮುಷ್ಟಿ ಕಟ್ಟಿಕೊಂಡು ಬರುತ್ತಿದ್ದರು. ಒಂದರಲ್ಲಿ ಜೀರಿಗೆ, ಒಂದರಲ್ಲಿ ಹವೀಜ. ಕೆಲವು ಸಲ ಒಂದು ಖಾಲಿ. ಒಮ್ಮೆಯೂ ಬಿಡಲಿಲ್ಲ. ತಲೆ ಬೆಳ್ಳಗಾದ ಮೇಲೆ ಒಂದು ದಿನ ನನಗೆ ರೇಗಿತು.

“ಇಷ್ಟ ವರ್ಷ ಆತು, ಇನ್ನೂ ನನ್ನ ಮ್ಯಾಲ ನಂಬಿಕಿ ಇಲ್ಲೇನ್ರಿ?”

“ನಿನ್ನ ಮ್ಯಾಲ ಐತಿ. ಮೂಗಿನ ಮ್ಯಾಲ ಇಲ್ಲ. ಕಣ್ಣ ಮುಚ್ಚು,” ಅಂದರು.

ಅವರು ಹೋಗಿ ಬಹಳ ವರ್ಷವಾಯಿತು. ಪಾರಸನೂ ಮೆತ್ತಗಾಗಿದ್ದಾನೆ. ಈಗ ಅವನ ಮಕ್ಕಳ ಕಾರಭಾರ. ಖಾರ ಮಶೀನಿನಲ್ಲಿ ಆಗುತ್ತದೆ, ಸವಿತಾ ತಂದಂಥ ಪಾಕೀಟಿನಲ್ಲಿ ಬರುತ್ತದೆ.

ಮೊನ್ನೆ ಆ ಪಾಕೀಟು ಕೈಯಲ್ಲಿ ಹಿಡಿದು ಇಷ್ಟೆಲ್ಲ ತಲೆಯಲ್ಲಿ ಬಂದು ಹೋಯಿತು. ಪಾಕೀಟು ಕೆಳಗಿಟ್ಟು ಸವಿತಾಳಿಗೆ ಹೇಳಿದೆ:

“ಅಡಿಗಿಮನಿಗೆ ಹೋಗು. ಜೀರಿಗಿ, ಹವೀಜ, ಏನರೆ ಒಂದ ಮುಷ್ಟ್ಯಾಗ ಹಿಡಕೊಂಡ ಬಾ. ನನಗ ತೋರಸಬ್ಯಾಡ.”

“ಏನಾತ ಅಜ್ಜಿ ನಿನಗ?”

“ಹೋಗ ಅಂದ್ರ ಹೋಗು.”

ನಗುತ್ತ ಹೋದಳು, ನಗುತ್ತ ಬಂದಳು. ನಾನು ಕಣ್ಣು ಮುಚ್ಚಿದೆ. ಮುಷ್ಟಿಗಳು ಮೂಗಿನ ಕೆಳಗೆ ಬಂದವು.

“ಬಲಗೈಯಾಗ ಜೀರಿಗಿ, ಹಳೇವು. ಎಡಗೈಯಾಗ ಏನೂ ಇಲ್ಲ, ಬರೇ ಸಬಕಾರದ ವಾಸನಿ.”

“ಅಯ್ಯ! ಕೂಸಿನ ಅರಿವಿ ಒಗದ ಬಂದೀನಿ. ಹೌದ ನೋಡ ಅಜ್ಜಿ!”

“ಹಂಗಾದ್ರ ಮೂಗ ಸರಿ ಐತಿ. ಆ ಪಾಕೀಟಿನ ಬಾಯಿ ಮಡಚಿ ಕೊಡು. ನಾಳೆ ನಾನ ಅಂಗಡಿಗೆ ಒಯ್ದ ಒಗದ ಬರತೀನಿ. ಇದನ್ನ ಯಾರ ತಿಂದ ನೋಡ್ಯಾರ ಅಂತ ಕೇಳತೀನಿ.”

ಸವಿತಾ ಪಾಕೀಟು ಮಡಚಿ ನನ್ನ ಮುಂದಿಟ್ಟಳು. ಅದರ ಮೇಲಿನ ಹೆಂಗಸು ಹಲ್ಲು ಕಿಸಿದು ನಗುತ್ತಲೇ ಇದ್ದಳು. ನಗದೆ ಏನು, ಅವಳೇನು ಅದನ್ನು ತಿಂದಿದ್ದಾಳೆಯೇ?